ಹೊಸ ನಿರ್ದೇಶಕರಿಗೆ ಹಳೇ ಕಾರ್ಯದರ್ಶಿಯ ಕಾಗದ

ರಾಜ್ಯದ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಹೊಸದಾಗಿ ಆರಿಸಿ ಬಂದಿರುವ ನಿರ್ದೇಶಕರೇ,

ಗೆದ್ದದ್ದಕ್ಕೆ ಮೊದಲು ಅಭಿನಂದನೆ. ಹಾರ ಬಿದ್ದಾಯಿತು, ಪಟಾಕಿ ಹೊಡೆದಾಯಿತು, ಬಾಡೂಟವೋ ಹೋಳಿಗೆ ಊಟವೋ ಅದೂ ಮುಗಿದಿರುತ್ತದೆ. ಇನ್ನು ಐದು ವರ್ಷ ಆ ಕುರ್ಚಿ ನಿಮ್ಮದು. ನಾನು ಬಯಲುಸೀಮೆಯ ಒಂದು ಊರಿನ ಡೈರಿಯಲ್ಲಿ 1986ರಲ್ಲಿ ಹಾಲು ಪರೀಕ್ಷಕನಾಗಿ ಸೇರಿ, ಆಮೇಲೆ ಕಾರ್ಯದರ್ಶಿಯಾಗಿ, ಮೂವತ್ತೈದು ವರ್ಷ ಬೆಳಗ್ಗೆ ಸಂಜೆ ಅದೇ ಬಾಗಿಲು ತೆಗೆದು ಹಾಕಿ, 2021ರಲ್ಲಿ ಬೀಗದ ಕೈ ಒಪ್ಪಿಸಿ ಮನೆಗೆ ಬಂದವನು. ಅಷ್ಟರಲ್ಲಿ ಬಂದುಹೋದ ಅಧ್ಯಕ್ಷರ ಫೋಟೋಗಳಿಗೆ ಗೋಡೆಯಲ್ಲಿ ಜಾಗ ಸಾಲದೆ ಬೀರುವಿನ ಮೇಲೂ ಇಟ್ಟಿದ್ದೇವೆ.

ಈ ಕಾಗದ ಬರೆಯಲು ಕಾರಣ ಒಂದು ಮಾತು. ಹೋದ ತಿಂಗಳು ನಮ್ಮೂರಿನ ಹೊಸ ನಿರ್ದೇಶಕರೊಬ್ಬರು ಅರಳಿಕಟ್ಟೆ ಹತ್ತಿರ ಸಿಕ್ಕಿ, "ಈಗ ಕಾಂಪಿಟೇಷನ್ ಜಾಸ್ತಿ ಆಗಿದೆ ಅಣ್ಣ, ಏನಾದ್ರೂ ದೊಡ್ಡ ಪ್ಲಾನ್ ಮಾಡ್ಬೇಕು" ಅಂದರು. ಏನಪ್ಪಾ ಪ್ಲಾನ್ ಎಂದು ಕೇಳಿದೆ. ಕಟ್ಟಡದ ಮೇಲೆ ಇನ್ನೊಂದು ಮಹಡಿ, ಮುಂದುಗಡೆ ಲೈಟಿನ ಬೋರ್ಡು, ಮಹಾಸಭೆಗೆ ಬಂದವರಿಗೆಲ್ಲ ಸ್ಟೀಲ್ ಕ್ಯಾನು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ವಯಸ್ಸಿನ ಕಾರಣವೂ ಇರಬಹುದು.

ಪೈಪೋಟಿ ಇದೆ, ನಿಜ. 2023ರ ಏಪ್ರಿಲ್ ನಿಮಗೆ ನೆನಪಿರಬೇಕು. ಬೆಂಗಳೂರಿಗೆ ಅಮುಲ್ ಹಾಲು, ಮೊಸರು ಬರುತ್ತವೆ ಎಂದು ಪ್ರಕಟಣೆ ಬಂತು. ಚುನಾವಣೆ ಎದುರಿಗಿತ್ತು. ಅದಕ್ಕೆ ಸ್ವಲ್ಪ ಮುಂಚೆ ಮೊಸರಿನ ಪ್ಯಾಕೆಟ್ಟಿನ ಮೇಲೆ 'ದಹಿ' ಎಂದು ಹಾಕಬೇಕೆಂಬ ಆದೇಶವೂ ಬಂದು, ಗಲಾಟೆಯಾಗಿ, ವಾಪಸಾಗಿತ್ತು. ಹೀಗಾಗಿ ರಾಜ್ಯಕ್ಕೆ ರಾಜ್ಯವೇ ಎದ್ದು ನಿಂತಿತು. ನಂದಿನಿ ಉಳಿಸಿ ಎಂದು ಮೊಬೈಲಿನಲ್ಲೆಲ್ಲ ಕೂಗು. ಬೆಂಗಳೂರಿನ ಹೋಟೆಲಿನವರು ನಾವು ನಂದಿನಿ ಹಾಲನ್ನೇ ಬಳಸುತ್ತೇವೆ ಎಂದರು. ನನ್ನ ಎದೆಯೂ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಆದರೆ ಕೂಗಾಟವೆಲ್ಲ ತಣ್ಣಗಾದ ಮೇಲೆ ಯೋಚನೆ ಮಾಡಿದೆ: ನಾವು ಯಾರ ಮೇಲೆ ಕೂಗಿದೆವು? ಆ ಅಮುಲ್ ಯಾವ ಸಾಹುಕಾರನ ಕಂಪನಿಯೂ ಅಲ್ಲ. ಪೋಲ್ಸನ್ ಎಂಬ ಖಾಸಗಿ ಡೈರಿ ಕೊಡುತ್ತಿದ್ದ ದರಕ್ಕೆ ರೋಸಿಹೋದ ಗುಜರಾತಿನ ಖೇಡಾ ಜಿಲ್ಲೆಯ ರೈತರು, ತ್ರಿಭುವನದಾಸ್ ಪಟೇಲರ ಮುಂದಾಳುತನದಲ್ಲಿ 1946ರಲ್ಲಿ ಕಟ್ಟಿಕೊಂಡ ಒಕ್ಕೂಟ ಅದು. 1949ರಲ್ಲಿ ಆನಂದ್ ಪಟ್ಟಣಕ್ಕೆ ಬಂದ ವರ್ಗೀಸ್ ಕುರಿಯನ್ ಅಲ್ಲೇ ಉಳಿದು ಅದನ್ನು ಬೆಳೆಸಿದರು. ಊರಿಗೊಂದು ಸಂಘ, ಜಿಲ್ಲೆಗೊಂದು ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳಿ ಎಂಬ ಮೂರು ಮೆಟ್ಟಿಲು ಅಲ್ಲಿಯದು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಡೈರಿ ಅಭಿವೃದ್ಧಿ ನಿಗಮ ಶುರುವಾದಾಗ ನಾವು ತಂದುಕೊಂಡದ್ದು ಅದೇ ಮಾದರಿಯನ್ನು. 1984ರಲ್ಲಿ ಆ ನಿಗಮವೇ ಕರ್ನಾಟಕ ಹಾಲು ಮಹಾಮಂಡಳಿ, ಅಂದರೆ ಕೆಎಂಎಫ್ ಆಯಿತು. ಅಂದರೆ ಗುರುವಿನ ಮನೆಯವರು ನಮ್ಮ ಬೀದಿಯಲ್ಲಿ ಅಂಗಡಿ ಇಟ್ಟರೆಂದು ನಾವು ಬೀದಿಗಿಳಿದಿದ್ದೆವು. ಇಳಿದದ್ದು ತಪ್ಪು ಎನ್ನುತ್ತಿಲ್ಲ. ನಮ್ಮ ಮನೆ ನಾವು ಕಾಯಬೇಕು. ಆದರೆ ಎಷ್ಟು ಸಲ ಕೂಗಿ ಕಾಯಲಾದೀತು?

ನನ್ನ ಲೆಕ್ಕದಲ್ಲಿ ಬೆಂಗಳೂರಿನ ಮನೆಯಾಕೆ ನೀಲಿ ಪ್ಯಾಕೆಟ್ ಕೊಳ್ಳಲು ಎರಡೇ ಕಾರಣ. ಬೆಲೆ ಕಡಿಮೆ, ಕಾಯಿಸಿದರೆ ಒಡೆಯುವುದಿಲ್ಲ. ಬೆಲೆ ನಿಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇರಲಿಲ್ಲ. ಅದು ವಿಧಾನಸೌಧಕ್ಕೆ ಹೋಗಿ ಬರಬೇಕು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿ.ಲೀ. ಹೆಚ್ಚು ತುಂಬಿ 2 ರೂಪಾಯಿ ಏರಿಸಿದರು, 2025ರ ಏಪ್ರಿಲ್‌ನಲ್ಲಿ ಆ 50 ಮಿ.ಲೀ. ವಾಪಸು ತೆಗೆದು ಲೀಟರಿಗೆ 4 ರೂಪಾಯಿ ಏರಿಸಿದರು. ಇದರ ಜಾಣತನದ ಬಗ್ಗೆ ನನಗೆ ಬೇರೆ ಅಭಿಪ್ರಾಯವಿದೆ, ಇಲ್ಲಿ ಬೇಡ. ಎರಡನೆಯದು, ಹಾಲು ಒಡೆಯದೆ ಇರುವುದು, ಅದು ಮಾತ್ರ ಪೂರ್ತಿ ನಮ್ಮೂರಿನ ವಿಷಯ. ಆಕೆಯ ಒಲೆಯ ಮೇಲಿನ ಪಾತ್ರೆಗೂ ನಮ್ಮ ಡೈರಿಯ ತಕ್ಕಡಿಗೂ ನಡುವೆ ಒಂದು ದಾರವಿದೆ. ಆ ದಾರದ ಈ ತುದಿ ಹಿಡಿದಿರುವವರು ನೀವು.

ಒಮ್ಮೆ ಮ್ಯಾನೇಜ್‌ಮೆಂಟ್ ಓದುವ ಹುಡುಗ ಹುಡುಗಿಯರು ಐದಾರು ಜನ ಬಂದು ಮೂರು ದಿನ ನಮ್ಮೂರಲ್ಲಿದ್ದರು. ಒಳ್ಳೆ ಮಕ್ಕಳು. ಶಾಲೆ ಜಗಲಿ ಮೇಲೆ ಮಲಗಿ, ಕೊಟ್ಟದ್ದು ತಿಂದು, ದೊಡ್ಡ ಪುಸ್ತಕದಲ್ಲಿ ಎಲ್ಲಾ ಬರೆದುಕೊಂಡರು. ಕೊನೇ ದಿನ ಒಬ್ಬಳು, "ಅಂಕಲ್, ನಿಮ್ಮ ಸಂಘದ ಸ್ಟ್ರಾಟಜಿ ಏನು?" ಎಂದು ಕೇಳಿದಳು. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯೋದಮ್ಮ ಅಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಆರಕ್ಕೆ ಎಂದರೆ ಆರಕ್ಕೇ ಬಾಗಿಲು ತೆಗೆಯುತ್ತದೆ ಎಂದು ಗೊತ್ತಿದ್ದರೆ ಹೆಣ್ಣುಮಗಳು ಐದೂಕಾಲಿಗೆ ಹಸು ಕರೆಯಲು ಕೂರುತ್ತಾಳೆ. ಕೆಚ್ಚಲಿನಿಂದ ಬಂದ ಹಾಲು ಮೈಬಿಸಿಯಲ್ಲೇ ಇರುತ್ತದೆ. ಆ ಬಿಸಿಯಲ್ಲಿ ಕ್ರಿಮಿಗಳು ಗಂಟೆಗೆ ಎಷ್ಟೋ ಪಾಲು ಹೆಚ್ಚುತ್ತವೆ. ಅದನ್ನು ಹಾಲು ತಂಪು ಮಾಡುವ ಬಿಎಂಸಿ ಟ್ಯಾಂಕಿಗೆ ಸುರಿದು 4 ಡಿಗ್ರಿಗೆ ಇಳಿಸುವವರೆಗೂ ಓಟದ ಪಂದ್ಯವೇ. ಕಾರ್ಯದರ್ಶಿ ಆರೂಮುಕ್ಕಾಲಿಗೆ ಹಲ್ಲುಜ್ಜುತ್ತಾ ಬಂದರೆ ಆ ಪಂದ್ಯ ಅಲ್ಲೇ ಸೋತಂತೆ. ಆಮೇಲೆ ಕೋಟಿಗಟ್ಟಲೆ ಸುರಿದು ಕ್ರಿಕೆಟ್ ಆಟಗಾರರ ಅಂಗಿಯ ಮೇಲೆ ಹೆಸರು ಬರೆಸಿದರೂ ಹಾಲು ಒಡೆಯುತ್ತದೆ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಅಂಗಿಯ ಮೇಲೆ ನಂದಿನಿ ಇದ್ದದ್ದನ್ನು ಟಿವಿಯಲ್ಲಿ ನೋಡಿ ಖುಷಿಪಟ್ಟವನೇ ನಾನು.

ಈಗ ನಾನು ಹೇಳಲೇಬೇಕಾದದ್ದಕ್ಕೆ ಬರುತ್ತೇನೆ. ಇದು ನನ್ನ ತಪ್ಪಿನ ಕಥೆ. ಸಂಘದ ದಾಖಲೆಯಲ್ಲಿ ಇದು ಹೆಮ್ಮೆಯ ಕಥೆಯಾಗಿಯೇ ಇದೆ.

ಸುಮಾರು 2004ರ ಹೊತ್ತು. ನಮ್ಮಲ್ಲಿ ಆಗ 180 ಮಂದಿ ಹಾಲು ಹಾಕುತ್ತಿದ್ದರು. ಎಲೆಕ್ಟ್ರಾನಿಕ್ ತಕ್ಕಡಿ ಇರಲಿಲ್ಲ. ಲೀಟರು, ಅರ್ಧ ಲೀಟರು, ನೂರು ಮಿ.ಲೀ. ಅಳತೆಪಾತ್ರೆಗಳು. ನೂರಕ್ಕಿಂತ ಕಡಿಮೆ ಉಳಿದ ಹಾಲನ್ನು ಅಳೆಯುವ ಪದ್ಧತಿಯೇ ಇಲ್ಲ. ಒಂದು ಲೀಟರ್ ಐನೂರ ಎಪ್ಪತ್ತು ಇದ್ದರೆ ಪುಸ್ತಕದಲ್ಲಿ ಒಂದೂವರೆ. ಎಪ್ಪತ್ತು ಸಂಘಕ್ಕೆ. ಯಾರೂ ಕೇಳುತ್ತಿರಲಿಲ್ಲ, ಮೊದಲಿನಿಂದ ಹಾಗೇ ನಡೆದುಬಂದಿತ್ತು. ವರ್ಷದ ಕೊನೆಗೆ ಸಂಘಕ್ಕೆ ಒಳ್ಳೆ ಲಾಭ ಬರುತ್ತಿತ್ತು. ನಾವು ಅದರಲ್ಲಿ ಬೋನಸ್ ಕೊಡುತ್ತಿದ್ದೆವು. ತಾಲ್ಲೂಕಿನಲ್ಲೇ ಹೆಚ್ಚು ಬೋನಸ್ ಕೊಡುವ ಸಂಘ ಎಂದು ಹೆಸರಾಗಿ, ನನಗೆ ಶಾಲು ಹೊದಿಸಿದರು. ಆ ಶಾಲು ಈಗಲೂ ಇದೆ.

ಒಬ್ಬ ಅಜ್ಜಿ ಇದ್ದಳು. ಒಂದೇ ಹಸು. ಕಂಬಕ್ಕೆ ಒರಗಿ ನಿಂತು, ಅಳೆಯುವುದನ್ನೇ ನೋಡುತ್ತಿದ್ದಳು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಬಂದು, "ಕಾರ್ಯದರ್ಶಿಯಪ್ಪಾ, ನಾನು ದಿನಾ ಹೊಸ್ತಿಲಿಗೆ ಚೆಲ್ಲೋ ಹಾಲು ಎಷ್ಟಾಯ್ತು ಅಂತ ಒಂದ್ಸಲ ಲೆಕ್ಕ ಹಾಕ್ಕೊಡು" ಅಂದಳು. ಹೊಸ್ತಿಲು ಎಂದರೆ ನಮ್ಮ ಡೈರಿಯ ಹೊಸ್ತಿಲು. ಆಕೆಗೆ ಸಿಟ್ಟಿರಲಿಲ್ಲ. ದೇವರಿಗೆ ಮುಡಿಪಿಟ್ಟಷ್ಟು ಸಲೀಸಾಗಿ ಕೇಳಿದಳು.

ಕೂತು ಲೆಕ್ಕ ಹಾಕಿದೆ. ಒಬ್ಬರಿಗೆ ಸರಾಸರಿ 50 ಮಿ.ಲೀ. ಎಂದಿಟ್ಟುಕೊಂಡರೂ 180 ಮಂದಿಗೆ ಒಂದು ಹೊತ್ತಿಗೆ 9 ಲೀಟರ್, ಎರಡು ಹೊತ್ತಿಗೆ 18. ವರ್ಷಕ್ಕೆ 6,570 ಲೀಟರ್. ಲೀಟರಿಗೆ ಹತ್ತು ರೂಪಾಯಿ ಹಿಡಿದರೆ 65,700 ರೂಪಾಯಿ. ನಮ್ಮ ಹೆಮ್ಮೆಯ ಲಾಭದಲ್ಲಿ ದೊಡ್ಡ ಪಾಲು ಇದೇ. ಅದನ್ನು ಬೋನಸ್ ಎಂದು ಅವರಿಗೇ ತಿರುಗಿ ಕೊಟ್ಟೆವಲ್ಲ, ಕಳೆದುಕೊಂಡದ್ದು ಯಾರು? ಇಲ್ಲಿಗೆ ನಾನು ನಿಲ್ಲಿಸಿದ್ದರೆ ನೆಮ್ಮದಿಯಾಗಿ ಮಲಗುತ್ತಿದ್ದೆ. ಆದರೆ ಬೋನಸ್ ಹಂಚುವುದು ವರ್ಷದಲ್ಲಿ ಹಾಕಿದ ಹಾಲಿನ ಮೊತ್ತದ ಮೇಲೆ. ಅಳತೆಯಲ್ಲಿ ಹೋಗುವುದು ತಲೆಗಿಷ್ಟು ಎಂದು. ಇಪ್ಪತ್ತು ಲೀಟರ್ ತರುವ ಗೌಡರಿಗೂ ಐವತ್ತು ಮಿ.ಲೀ., ಒಂದೂವರೆ ಲೀಟರ್ ತರುವ ಅಜ್ಜಿಗೂ ಐವತ್ತು ಮಿ.ಲೀ. ಗೌಡರಿಗೆ ಅದು ನೂರಕ್ಕೆ ಕಾಲು. ಅಜ್ಜಿಗೆ ನೂರಕ್ಕೆ ಮೂರಕ್ಕಿಂತ ಹೆಚ್ಚು. ಬೋನಸ್ ಬಂದಾಗ ಗೌಡರ ಮನೆಗೆ ಕಂತೆ, ಅಜ್ಜಿಗೆ ನಾಲ್ಕು ನೋಟು. ಬಡವರ ಹೊಸ್ತಿಲಿನಿಂದ ಬಳಿದು ಉಳ್ಳವರ ಮನೆಗೆ ಸುರಿಯುವ ಯಂತ್ರವೊಂದನ್ನು ನಾನು ಹದಿನೈದಿಪ್ಪತ್ತು ವರ್ಷ ಎಣ್ಣೆ ಹಾಕಿ ನಡೆಸಿದ್ದೆ. ಒಂದು ಪೈಸೆ ಜೇಬಿಗೆ ಹಾಕಿಕೊಂಡಿರಲಿಲ್ಲ, ನಿಜ. ಹಾಗೆಂದೇ ನನಗದು ಕಾಣಲಿಲ್ಲ.

ನಾನು ಆಡಳಿತ ಮಂಡಳಿಯ ಮುಂದೆ ಇದನ್ನಿಟ್ಟಾಗ ಏನಾಯಿತು ಗೊತ್ತೇ? ಒಬ್ಬರು, "ಬೋನಸ್ ಕಮ್ಮಿಯಾದ್ರೆ ಮುಂದಿನ ಎಲೆಕ್ಷನ್‌ನಲ್ಲಿ ನಮ್ಮನ್ನ ಯಾರು ಮೂಸ್ತಾರೆ?" ಅಂದರು. ಇನ್ನೊಬ್ಬರು ಟೀ ತರಿಸಿದರು. ವಿಷಯ ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಯಿಂದ ಅದರ ಮುಂದಿನದಕ್ಕೆ.

ಅಷ್ಟರಲ್ಲಿ ಖಾಸಗಿಯವನ ಗಾಡಿ ಬಂತು. ಊರ ಬಾಗಿಲಲ್ಲಿ, ಹುಣಸೆಮರದ ಕೆಳಗೆ, ಒಂದು ಟೆಂಪೋ, ಒಬ್ಬ ಹುಡುಗ, ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಬ್ಯಾಟರಿಗೆ ಕಟ್ಟಿದ ಒಂದು ಟೆಸ್ಟಿಂಗ್ ಮೆಷಿನ್. ಒಂದೇ ತಿಂಗಳಲ್ಲಿ ನಮ್ಮ 31 ಮಂದಿ ಅಲ್ಲಿಗೆ ಹಾಲು ಹಾಕತೊಡಗಿದರು. ಮಂಡಳಿಯಲ್ಲಿ ಎಲ್ಲರೂ ಎಂದದ್ದು, ಅವನು ಒಂದು ರೂಪಾಯಿ ಹೆಚ್ಚು ಕೊಡುತ್ತಾನೆ, ಹಸು ಕೊಳ್ಳಲು ಅಡ್ವಾನ್ಸ್ ಕೊಡುತ್ತಾನೆ, ನಾವೇನು ಮಾಡಲಾಗುತ್ತೆ. ನಾನು ಮನೆ ಮನೆಗೆ ಹೋಗಿ ಕೇಳಿದೆ. ರೂಪಾಯಿ ಮಾತು ಬಂತು, ಇಲ್ಲ ಎನ್ನಲಾರೆ. ಆದರೆ ಮತ್ತೆ ಮತ್ತೆ ಬಂದದ್ದು ಬೇರೆ ಮಾತು: "ಅವ್ನು ಚೀಟಿ ಕೊಡ್ತಾನೆ." ಹಾಲು ಇಷ್ಟು, ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟು, ದುಡ್ಡು ಇಷ್ಟು ಎಂದು ಅಲ್ಲೇ ಕಿರ್ರೆಂದು ಅಚ್ಚಾಗಿ ಬರುವ ಬೆರಳುದ್ದದ ಕಾಗದ. ನಾವು ಏನು ಮಾಡುತ್ತಿದ್ದೆವು? ಆಸಿಡ್, ಹಾಲು, ಆಲ್ಕೋಹಾಲ್ ಸೇರಿಸಿ, ಸೆಂಟ್ರಿಫ್ಯೂಜ್ ತಿರುಗಿಸಿ, ಲುಂಗಿಗೆ ತೂತು ಮಾಡಿಕೊಂಡು ನಿಯತ್ತಾಗಿಯೇ ಫ್ಯಾಟ್ ತೆಗೆಯುತ್ತಿದ್ದೆವು. ಆದರೆ ಒಳಗಿನ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು. ಹೊರಗೆ ನಿಂತವರಿಗೆ ಕೇಳಿಸುತ್ತಿದ್ದದ್ದು "ನಿಂದು ಡಿಗ್ರಿ ಬಂದಿಲ್ಲ" ಎಂಬ ತೀರ್ಪು ಮಾತ್ರ. ಸರಿಯಾದ ತೀರ್ಪನ್ನೂ ಕತ್ತಲೆ ಕೋಣೆಯಿಂದ ಕೂಗಿದರೆ ಯಾರು ನಂಬುತ್ತಾರೆ?

ಆ 31 ಜನ ಹೋದದ್ದು ನಮ್ಮ ಮಂಡಳಿಯ ಕಣ್ಣು ತೆರೆಸಿತು, ಅಜ್ಜಿಯ ಪ್ರಶ್ನೆ ತೆರೆಸಿರಲಿಲ್ಲ. ನಾವೂ ಯಂತ್ರ ತಂದೆವು. ಅಳೆಯುವ ಮೇಜನ್ನು ಒಳಗಿನಿಂದ ಜಗಲಿಗೆ ಸಾಗಿಸಿದೆವು, ಅಂಕಿ ಕಾಣುವ ಪೆಟ್ಟಿಗೆಯನ್ನು ಹಾಲು ಹಾಕುವವರ ಕಡೆ ತಿರುಗಿಸಿದೆವು. ಮೊದಲ ವರ್ಷ ಬೋನಸ್ ಅರ್ಧಕ್ಕಿಂತ ಕೆಳಗೆ ಬಂತು, ಮಹಾಸಭೆಯಲ್ಲಿ ನನ್ನನ್ನು ಬೈದವರಲ್ಲಿ ಅಜ್ಜಿಯ ಮಗನೂ ಇದ್ದ. ಮಳೆಗಾಲ ಬಂದು ಹಾಲು ಹೆಚ್ಚಾದಾಗ ಟೆಂಪೋ ಎರಡು ದಿನಕ್ಕೊಮ್ಮೆ ಬಂತು, ಆಮೇಲೆ ಬರಲಿಲ್ಲ. 31ರಲ್ಲಿ ಇಪ್ಪತ್ತು ಚಿಲ್ಲರೆ ಮಂದಿ ತಿರುಗಿ ಬಂದರು. ಉಳಿದವರು ಹಸುವನ್ನೇ ಮಾರಿದ್ದರು.

ಇದನ್ನು ಇಷ್ಟುದ್ದ ಬರೆಯುವುದಕ್ಕೆ ಕಾರಣವಿದೆ. ಪೈಪೋಟಿ ಎಂದಕೂಡಲೇ ನಮಗೆ ಎದುರಾಳಿ ಕಾಣುತ್ತಾನೆ, ಅವನ ದರ ಕಾಣುತ್ತದೆ. ದರದ ಜಗಳದಲ್ಲಿ ಅವನು ಬೇಸಿಗೆಗೆ ಗೆಲ್ಲುತ್ತಾನೆ, ಮಳೆಗಾಲಕ್ಕೆ ಓಡುತ್ತಾನೆ. ಅದು ಅವನ ವ್ಯಾಪಾರದ ಗುಣ. ನಮ್ಮ ಸಂಘದ ಗುಣ ಬೇರೆ: ಸದಸ್ಯರು ಎಷ್ಟು ಹಾಲು ತಂದರೂ, ವರ್ಷದ 365 ದಿನ, ಎರಡು ಹೊತ್ತೂ ಕೊಳ್ಳಲೇಬೇಕು. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಇದು ದೊಡ್ಡ ಹೊರೆ. 2020ರ ಲಾಕ್‌ಡೌನಿನಲ್ಲಿ ಹೋಟೆಲು, ಮದುವೆ, ಜಾತ್ರೆ ಎಲ್ಲ ನಿಂತು ಹಾಲು ಕೇಳುವವರೇ ಇಲ್ಲದಾಗ ಆ ಹೊರೆ ಏನೆಂದು ನೋಡಿದೆವು; ಸರ್ಕಾರ ಒಂದಷ್ಟನ್ನು ಕೊಂಡು ಕೊಳೆಗೇರಿಗಳ ಬಡವರಿಗೆ ಹಂಚಿತು, ಉಳಿದದ್ದು ಹಾಲಿನ ಪುಡಿಯಾಯಿತು. ಆದರೂ ನಮ್ಮೂರ ಡೈರಿ ಒಂದು ದಿನವೂ ಹಾಲು ಬೇಡ ಎನ್ನಲಿಲ್ಲ. ಆ ನೆನಪು ಜನರ ಮನಸ್ಸಿನಲ್ಲಿದೆ. ಅದನ್ನು ಯಾವ ಖಾಸಗಿಯವನೂ ಒಂದು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳಲಾರ. ನಾವು ಮಾತ್ರ ಅಳತೆಯಲ್ಲಿ ಎಪ್ಪತ್ತು ಮಿ.ಲೀ. ಕದ್ದು ಅದನ್ನು ಕಳೆಯಬಲ್ಲೆವು.

ಪುಡಿಯ ಮಾತು ಬಂತು. ಮೇಲಿನವರನ್ನು ಬೈಯುವುದು ನಮಗೆಲ್ಲ ಅಭ್ಯಾಸ, ಆದ್ದರಿಂದ ಅವರು ಮಾಡಿದ ಒಂದು ಒಳ್ಳೆ ಕೆಲಸವನ್ನೂ ಹೇಳುತ್ತೇನೆ. ಹಾಲು ಹೆಚ್ಚಾಗಿ ಪುಡಿ ಗುಡ್ಡ ಬಿದ್ದು, ಮಾರುಕಟ್ಟೆಯಲ್ಲಿ ಅದರ ಬೆಲೆ ಬಿದ್ದರೆ ಒಕ್ಕೂಟಗಳು ನಮಗೆ ಕೊಡುವ ದರವೇ ಕುಸಿಯುತ್ತದೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಗಿ ಶಾಲೆ, ಅಂಗನವಾಡಿ ಮಕ್ಕಳಿಗೆ ಪುಡಿಯಿಂದ ಕಾಯಿಸಿದ 150 ಮಿ.ಲೀ. ಹಾಲು ಸಿಗತೊಡಗಿತು. ಮಗುವಿನ ಹೊಟ್ಟೆಗೂ ಆಯಿತು, ಗೋದಾಮೂ ಖಾಲಿಯಾಯಿತು. ಆ ಮ್ಯಾನೇಜ್‌ಮೆಂಟ್ ಹುಡುಗಿ ಕೇಳಿದ ಸ್ಟ್ರಾಟಜಿ ಎಂದರೆ ಇದೇ ಇರಬೇಕು. 2024ರ ಜೂನ್ ಕೊನೆಗೆ ರಾಜ್ಯದಲ್ಲಿ ದಿನಕ್ಕೆ ಕೋಟಿ ಲೀಟರ್ ಹಾಲು ಬಂತಲ್ಲ, ಆಮೇಲೆ ಅದೇ ನವೆಂಬರಿನಲ್ಲಿ ಮಂಡ್ಯದ ಹಾಲು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ದೆಹಲಿಗೆ ಟ್ಯಾಂಕರಿನಲ್ಲಿ ಹೊರಟದ್ದೂ, ಡಿಸೆಂಬರಿನಲ್ಲಿ ನಂದಿನಿ ಹೆಸರಿನ ಇಡ್ಲಿ ದೋಸೆ ಹಿಟ್ಟು ಬಂದದ್ದೂ ನೋಡಿದ್ದೀರಿ. ದೆಹಲಿಯಲ್ಲಿ ಕನ್ನಡದ ಹೆಸರು ಕಂಡರೆ ಸಂತೋಷವೇ. ಹಿಟ್ಟಿನ ವಿಷಯದಲ್ಲಿ ನನಗೆ ಅನುಮಾನ, ನಮ್ಮ ಮನೆಯಲ್ಲಿ ಅದು ಓಡಲಿಲ್ಲ. ಅದೇನೇ ಇರಲಿ, ಅಷ್ಟು ದೂರ ಹೋಗುವ ಟ್ಯಾಂಕರಿನಲ್ಲಿ ಕೆಟ್ಟ ಹಾಲು ಒಂದು ಕ್ಯಾನ್ ಸೇರಿದರೂ ಸಾಕು ಎನ್ನುವುದನ್ನು ಮಾತ್ರ ನೆನಪಿಡಿ. ಮೊದಲು ಕ್ಯಾನಿನ ಕಾಲದಲ್ಲಿ ಒಬ್ಬನ ಹುಳಿಹಾಲು ಒಂದು ಕ್ಯಾನ್ ಕೆಡಿಸುತ್ತಿತ್ತು; ಬಿಎಂಸಿಯಲ್ಲಿ ಸುತ್ತಲಿನ ಊರುಗಳ ಹಾಲು ಒಂದೇ ಹೊಟ್ಟೆಗೆ ಬೀಳುತ್ತದೆ.

ಹೀಗಾಗಿ ಹಾಲು ಹಿಂದಕ್ಕೆ ಕಳಿಸುವ ಧೈರ್ಯ ಬೇಕು. ನನ್ನ ಮೂವತ್ತೈದು ವರ್ಷದಲ್ಲಿ ಅತಿ ಕಷ್ಟದ ಕೆಲಸ ಅದೊಂದೇ. ಅಧ್ಯಕ್ಷರ ತಮ್ಮನ ಹಾಲಿಗೆ ನೀರು ಬಿದ್ದಿದೆ ಎಂದು ಲ್ಯಾಕ್ಟೋಮೀಟರ್ ಹೇಳುತ್ತಿದೆ, ಹಿಂದೆ ಮೂವತ್ತು ಜನ ನೋಡುತ್ತಾ ನಿಂತಿದ್ದಾರೆ. ಆ ಹಾಲು ಹಿಂದಕ್ಕೆ ಹೋಯಿತೋ ಇಲ್ಲವೋ ಎನ್ನುವುದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹೋದರೆ ನಾಳೆ ಯಾರೂ ನೀರು ಹಾಕುವುದಿಲ್ಲ. ಹೋಗದಿದ್ದರೆ ಎಲ್ಲರೂ ಹಾಕುತ್ತಾರೆ, ಹಾಕದವನು ದಡ್ಡನಾಗುತ್ತಾನೆ. ಒಳ್ಳೆ ಹಾಲಿಗೂ ನೀರು ಹಾಲಿಗೂ ಒಂದೇ ದರ ಕಟ್ಟುವ ಊರಿನಲ್ಲಿ ಒಳ್ಳೆ ಹಾಲು ಮನೆಯಲ್ಲೇ ಮೊಸರಾಗುತ್ತದೆ. ಒಂದು ಬೆಳಗ್ಗೆ ನಾನು ಹೀಗೆ ಹಿಂದಕ್ಕೆ ಕಳಿಸಿ, ಮೂರು ತಿಂಗಳು ಸಂಬಳ ತಡೆಹಿಡಿಸಿಕೊಂಡಿದ್ದೇನೆ. ಇನ್ನೊಂದು ಬೆಳಗ್ಗೆ ಕಳಿಸದೆ ಸುಮ್ಮನಾಗಿದ್ದೇನೆ, ಮನೆಯಲ್ಲಿ ಮಗಳ ಮದುವೆ ಇತ್ತು. ಎರಡನ್ನೂ ಊರು ಮರೆತಿಲ್ಲ. ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು: ನಿಮ್ಮ ಕಾರ್ಯದರ್ಶಿ, ಹಾಲು ಪರೀಕ್ಷಕ ಯಾರ ಹಾಲು ಹಿಂದಕ್ಕೆ ಕಳಿಸಿದರೂ ಅವರ ಬೆನ್ನಿಗೆ ನಿಲ್ಲುವುದಾಗಿ ಮೊದಲ ಸಭೆಯಲ್ಲೇ ನಿರ್ಣಯ ಬರೆಸಿ. ಅದಕ್ಕೆ ದುಡ್ಡು ಖರ್ಚಾಗುವುದಿಲ್ಲ.

ನೀರು ಕೆಳಗೇ ಸೇರಬೇಕೆಂದಿಲ್ಲ, ಮೇಲೂ ಸೇರುತ್ತದೆ. ಕೆಲವು ವರ್ಷದ ಹಿಂದೆ ಒಂದು ಒಕ್ಕೂಟದಲ್ಲಿ ಟ್ಯಾಂಕರಿನ ಹೊಟ್ಟೆಯೊಳಗೆ ನೀರಿಗೆಂದೇ ಗುಟ್ಟಿನ ಅರೆ ಮಾಡಿಸಿದ್ದು ಸಿಕ್ಕಿಬಿದ್ದು ದೊಡ್ಡ ಸುದ್ದಿಯಾಗಿತ್ತು. ಅಂದು ನಮ್ಮ ಡೈರಿ ಜಗಲಿಯ ಮೇಲೆ ಒಬ್ಬ ಪೇಪರ್ ಓದಿ, "ನಮ್ದು ಡಿಗ್ರಿ ಅರ್ಧ ಕಮ್ಮಿ ಬಂದ್ರೆ ಬಯ್ತಿದ್ರಲ್ಲ ಅಣ್ಣ" ಅಂದ. ನನ್ನಲ್ಲಿ ಉತ್ತರವಿರಲಿಲ್ಲ. ಒಕ್ಕೂಟದ ಚುನಾವಣೆಗೆ ಡೆಲಿಗೇಟ್ ಆಗಿ ಹೋಗುವವರು ನಿಮ್ಮಲ್ಲೇ ಒಬ್ಬರು. ಆ ದಿನಕ್ಕೆ ಯಾವ ರೆಸಾರ್ಟಿನಿಂದ ಬಸ್ಸಿನಲ್ಲಿ ಬಂದು ಇಳಿಯುತ್ತೀರಿ, ಯಾರಿಗೆ ಓಟು ಹಾಕುತ್ತೀರಿ ಎನ್ನುವುದಕ್ಕೂ ಟ್ಯಾಂಕರಿನ ಆ ಅರೆಗೂ ಸಂಬಂಧವಿದೆ.

ಸರ್ಕಾರದ ಪ್ರೋತ್ಸಾಹಧನದ ಬಗ್ಗೆ ಎರಡು ಮಾತು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ ಆಮೇಲೆ 5 ರೂಪಾಯಿ ಆಯಿತು. ಬೇಕೇ ಬೇಕು, ಹಿಂಡಿ ಬೂಸಾದ ಬೆಲೆ ನೋಡಿದರೆ ಅದಿಲ್ಲದೆ ಎಷ್ಟೋ ಕೊಟ್ಟಿಗೆ ಖಾಲಿಯಾಗಿರುತ್ತಿದ್ದವು. ಆದರೆ ಅದು ತಿಂಗಳುಗಟ್ಟಲೆ ಬಾಕಿ ಬೀಳುವುದೂ ನಿಮಗೆ ಗೊತ್ತು. ಅದನ್ನು ನಂಬಿ ಲೆಕ್ಕ ಹಾಕಬೇಡಿ ಎಂದಷ್ಟೇ ಹೇಳುತ್ತೇನೆ.

ಇನ್ನೊಂದು ವಿಷಯ, ಇದನ್ನು ನಿಮ್ಮಲ್ಲಿ ಯುವಕರಾದವರು ನೋಡಿರಲಾರಿರಿ. ನಮ್ಮ ಸಂಘ ಶುರುವಾದ ಹೊಸದರಲ್ಲಿ ಒಂದು ದೊಡ್ಡ ಮನೆಯವರು ತಮ್ಮ ಹಾಲಿಗೆ ಬೇರೆ ಕ್ಯಾನ್ ಇಡಿಸಿದ್ದರಂತೆ. ಕೇರಿಯವರ ಹಾಲಿನ ಜೊತೆ ಸೇರುವುದು ಬೇಡ ಎಂದು. ಒಕ್ಕೂಟದ ವಿಸ್ತರಣಾಧಿಕಾರಿ ಒಬ್ಬರು, ಧಾರವಾಡದ ಕಡೆಯವರು, ಏನೂ ವಾದ ಮಾಡಲಿಲ್ಲ. ಆ ಬೇರೆ ಕ್ಯಾನಿನ ಹಾಲನ್ನು ಬೇರೆಯಾಗಿಯೇ ಟೆಸ್ಟ್ ಮಾಡಿ ಫ್ಯಾಟನ್ನು ಹಲಗೆಯ ಮೇಲೆ ಬರೆದರು. ಪಕ್ಕದಲ್ಲಿ ಕೇರಿಯವರ ಹಾಲಿನದ್ದನ್ನೂ ಬರೆದರು. ಕೇರಿಯದ್ದು ಹೆಚ್ಚಿತ್ತು. ನಾಲ್ಕು ದಿನಕ್ಕೆ ಬೇರೆ ಕ್ಯಾನ್ ಮಾಯ. ನಾನು ಸೇರುವ ಹೊತ್ತಿಗೆ ಒಂದೇ ಸಾಲು, ಬಂದವರು ಬಂದ ಹಾಗೆ. ಇಂದಿಗೂ ನಮ್ಮೂರಲ್ಲಿ ದೇವಸ್ಥಾನ, ಹೋಟೆಲು, ಮದುವೆಮನೆ ಎಲ್ಲ ಕಡೆ ಯಾರು ಎಲ್ಲಿ ನಿಲ್ಲಬೇಕೆಂಬುದಕ್ಕೆ ಹೇಳದ ಲೆಕ್ಕವಿದೆ. ಡೈರಿ ಸಾಲಿನಲ್ಲಿ ಇಲ್ಲ. ಈಚೆಗೆ ಆ ಸಾಲನ್ನು ಮುರಿಯುವವರು ಯಾರೆಂದರೆ ನಿರ್ದೇಶಕರ ಮನೆಯವರು, "ಸ್ವಲ್ಪ ಅರ್ಜೆಂಟ್ ಇದೆ" ಎಂದು ಮುಂದೆ ಬರುವವರು. ದಯವಿಟ್ಟು ಬೇಡ. ಗೆದ್ದ ಮಾರನೇ ದಿನದಿಂದ ನಿಮ್ಮ ಮನೆ ಕ್ಯಾನು ಸಾಲಿನ ಕೊನೆಯಲ್ಲಿ ನಿಂತರೆ ಒಳ್ಳೆಯದು.

ಅಕ್ಕಂದಿರಿಗೆ ಪ್ರತ್ಯೇಕವಾಗಿ ಬರೆಯಬೇಕೆಂದಿದ್ದೆ. ಸಗಣಿ ಬಾಚುವವರು, ಹುಲ್ಲು ಹೊರುವವರು, ಕರೆಯುವವರು ನೀವು. ಪಾಸ್ ಪುಸ್ತಕದಲ್ಲಿ ಹೆಸರು ಯಜಮಾನರದ್ದು. ಬಟವಾಡೆ ದಿನ ದುಡ್ಡು ಎಣಿಸಿಕೊಂಡು ನೇರ ಬಾರಿಗೆ ಹೋದವರನ್ನು ನಾನು ನೋಡಿದ್ದೇನೆ. ಈಗ ಬ್ಯಾಂಕ್ ಖಾತೆಗೆ ಹೋಗುತ್ತದೆ, ಆದರೆ ಖಾತೆ ಯಾರದ್ದು? ಮೀಸಲಾತಿಯಿಂದ ನಿರ್ದೇಶಕರಾಗಿ ಬಂದವರು ಸಭೆಗೆ ಯಜಮಾನರನ್ನು ಕಳಿಸಿ ರುಜು ಮಾತ್ರ ಹಾಕುವವರಾಗಬೇಡಿ. ಹಸುವಿಗೆ ಕೆಚ್ಚಲುಬಾವು ಬಂದಿದೆಯೆಂದು ಯಂತ್ರಕ್ಕಿಂತ ಎರಡು ದಿನ ಮುಂಚೆ ನಿಮಗೆ ಗೊತ್ತಾಗುತ್ತದೆ. ಆ ತಿಳಿವಳಿಕೆ ಮಂಡಳಿಯ ಮೇಜಿನ ಹತ್ತಿರ ಇರಬೇಕು.

ಕಟ್ಟಡದ ಮಹಡಿ, ಲೈಟಿನ ಬೋರ್ಡು, ಸ್ಟೀಲ್ ಕ್ಯಾನು ಇವೆಲ್ಲ ನಿಧಾನಕ್ಕೆ ಮಾಡಿಸಿ. ಅದಕ್ಕೆ ಮುಂಚೆ ಒಂದು ಬೆಳಗ್ಗೆ ಐದೂಮುಕ್ಕಾಲಿಗೆ ಡೈರಿಗೆ ಹೋಗಿ. ಮೆಷಿನ್ ತೊಳೆದಿದ್ದಾರೆಯೇ, ಪರೀಕ್ಷೆಗೆ ಇಡುವ ಮುನ್ನ ಸ್ಯಾಂಪಲ್ಲಿನ ನೊರೆ ಗುಳ್ಳೆ ಹೋಗಿದೆಯೇ ನೋಡಿ. ಗುಳ್ಳೆ ಇದ್ದರೆ ಅಂಕಿ ಸುಳ್ಳು ಬರುತ್ತದೆ. ಪರೀಕ್ಷೆಗೆ ತೆಗೆದ ಸ್ಯಾಂಪಲ್ ಹಾಲು ಸಂಜೆಗೆ ಯಾರ ಮನೆಗೆ ಹೋಗುತ್ತದೆ, ಯಾವ ಖಾತೆಗೆ ಅದರ ದುಡ್ಡು ಬರುತ್ತದೆ ಕೇಳಿ. ಒಂದು ಲೀಟರ್ ಹಾಲು ತೂಗಿದರೆ ಒಂದು ಕೆ.ಜಿ.ಗಿಂತ ಸುಮಾರು ಮೂವತ್ತು ಗ್ರಾಂ ಹೆಚ್ಚಿರುತ್ತದೆ. ನಿಮ್ಮಲ್ಲಿ ಲೀಟರಿನಲ್ಲಿ ಕೊಂಡು ಕೆ.ಜಿ.ಯಲ್ಲಿ ಕೊಡುತ್ತಿದ್ದರೆ ಆ ಮೂವತ್ತು ಗ್ರಾಂ ಎಲ್ಲಿಗೆ ಸೇರುತ್ತದೆ ಎಂದೂ ಕೇಳಿ. ಕಾರ್ಯದರ್ಶಿ ಸಿಟ್ಟಾದರೆ ಒಬ್ಬ ಹಳೇ ಕಾರ್ಯದರ್ಶಿ ಹೇಳಿದ್ದು ಎನ್ನಿ.

ಕೊನೆಗೆ ತಕ್ಕಡಿಯ ಪಕ್ಕಕ್ಕೆ ಬಗ್ಗಿ ನೋಡಿ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಮುದ್ರೆ ಹಾಕಿದ ತಾರೀಖು ಅಲ್ಲಿರುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಹಾಕಿಸಬೇಕು. ನಿನ್ನೆ ಸಂಜೆ ಅರ್ಧ ಲೀಟರ್ ಹಾಲಿಗೆಂದು ಹೋದವನು ನಮ್ಮ ಸಂಘದ್ದನ್ನು ನೋಡಿ ಬಂದೆ. ಅವಧಿ ಮುಗಿದು ಏಳು ತಿಂಗಳಾಗಿದೆ.

ಇಂತಿ ನಿಮ್ಮವ,
ಒಬ್ಬ ನಿವೃತ್ತ ಕಾರ್ಯದರ್ಶಿ